ಮಾವನ ತೂಕದ ಕಲ್ಲುಗಳು

ನಮ್ಮಲ್ಲಿ ಸತ್ತವರಿಗೆ ಮಲಗುವ ಸೌಲಭ್ಯವಿಲ್ಲ. ಬದುಕಿದ್ದಾಗ ಎಷ್ಟೇ ದುಡಿದಿರಲಿ, ಪ್ರಾಣ ಹೋದ ಮೇಲೆ ಗೋಡೆಗೆ ಬೆನ್ನು ಕೊಟ್ಟು, ಚಕ್ಕಳಮಕ್ಕಳ ಹಾಕಿಕೊಂಡು, ಹಣೆ ತುಂಬ ವಿಭೂತಿ ಧರಿಸಿ, ಬಂದವರಿಗೆಲ್ಲ ದರ್ಶನ ಕೊಡುತ್ತ ಕೂತಿರಬೇಕು. ಮರುದಿನ ಬಿದಿರು, ಬಾಳೆಕಂಬ, ಚೆಂಡುಹೂವಿನಿಂದ ಕಟ್ಟಿದ ವಿಮಾನದಲ್ಲಿ ಕೂತೇ ಹೋಗಬೇಕು. ಕುಣಿಯೊಳಗಿನ ಗೂಡಿನಲ್ಲೂ ಕೂತೇ ಇರಬೇಕು. ಲಿಂಗವಂತರ ಮನೆಯಲ್ಲಿ ಹುಟ್ಟಿದವನು ಇದಕ್ಕೆ ತಕರಾರು ತೆಗೆಯುವ ಹಾಗಿಲ್ಲ. ಬ್ಯಾಡಗಿಯಲ್ಲಿ ನನ್ನ ಅಕ್ಕನ ಗಂಡನನ್ನು ಕೂಡಿಸುವವರೆಗೆ ನಾನೂ ತೆಗೆದಿರಲಿಲ್ಲ.

ಅಕ್ಕನ ಗಂಡನನ್ನು ನಾನು ಮಾವ ಎನ್ನುತ್ತಿದ್ದೆ. ಅವರು ಮೆಣಸಿನಕಾಯಿ ಪೇಟೆಯ ಒಂದು ದಲಾಲಿ ಅಂಗಡಿಯಲ್ಲಿ ತೂಕ ಮಾಡುತ್ತಿದ್ದರು. ತಕ್ಕಡಿಯ ಒಂದು ತಟ್ಟೆಗೆ ಕೆಂಪು ಚೀಲ, ಇನ್ನೊಂದಕ್ಕೆ ತೂಕದ ಕಲ್ಲು. ಕಬ್ಬಿಣದವಾದರೂ ಅವುಗಳ ಹೆಸರು ಕಲ್ಲೇ, ಎತ್ತಲು ಮೇಲೊಂದು ಹಿಡಿಕೆ. ಎಣಿಸುವಾಗ ಮಾವ ‘ಒಂದು’ ಎಂದವರಲ್ಲ. ಪೇಟೆಯ ಪದ್ಧತಿಯಂತೆ ಮೊದಲ ಚೀಲಕ್ಕೆ ‘ಲಾಭ’ ಎನ್ನಬೇಕು, ಆಮೇಲೆ ಎರಡು, ಮೂರು. ಲಾಭ ಎನ್ನುವಾಗ ಅವರ ಧ್ವನಿ ಗುಡಿಯಲ್ಲಿ ಮಂಗಳಾರತಿ ಎತ್ತಿದಂತೆ ಏರುತ್ತಿತ್ತು. ಲಾಭ ದಲಾಲಿಯದೋ ರೈತನದೋ ಎಂದು ಯಾರೂ ಕೇಳುತ್ತಿರಲಿಲ್ಲ, ಮಾವನದಂತೂ ಆಗಿರಲಿಲ್ಲ.

ಹರೆಯದಲ್ಲಿ ಅವರ ಬೆನ್ನು ಹಲಗೆಯಂತಿತ್ತು. ನಾನು ರಾಣೆಬೆನ್ನೂರಿನಲ್ಲಿ ಟೇಲರ್. ಬೆನ್ನಿನ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ಬೆಲೆ ಕೊಡಬೇಕು. ಊರಿನ ಮುಖಗಳು ನನಗೆ ಮರೆತುಹೋಗುತ್ತವೆ, ಬೆನ್ನಿನ ಅಳತೆ ಮರೆಯುವುದಿಲ್ಲ. ಮಾವನ ಅಂಗಿಗೆ ಮಾತ್ರ ಬೆನ್ನಿನ ತುಂಡನ್ನು ಅಗಲ ಕತ್ತರಿಸಬೇಕಾಗುತ್ತಿತ್ತು.

ಆಮೇಲೆ ಪೇಟೆಗೆ ಎಲೆಕ್ಟ್ರಾನಿಕ್ ಕಾಟಾ ಬಂದವು. ಚೀಲ ಇಟ್ಟರೆ ಸಾಕು, ಕೆಂಪು ಅಂಕೆ ತಾನೇ ಮೂಡುತ್ತದೆ. ಅದಕ್ಕೆ ಲಾಭ ಎನ್ನಲು ಬರುವುದಿಲ್ಲ, ಅದು ಬೇರೆ ಮಾತು. ಅಂಗಡಿಯವರು ಹಳೆಯ ಕಲ್ಲುಗಳನ್ನು ಮಾವನಿಗೇ ಕೊಟ್ಟು, ಶಾಲು ಹೊದಿಸಿ ಮನೆಗೆ ಕಳಿಸಿದರು. ಮಾವ ಪಡಸಾಲೆಯ ಗೋಡೆಗೆ ಒರಗಿ ಕೂತರು. ಎತ್ತುವ ಕೆಲಸ ನಿಂತದ್ದೇ ತಡ, ಬೆನ್ನು ಮಡಚತೊಡಗಿತು. ಕೆಲವೇ ವರ್ಷಗಳಲ್ಲಿ ಅವರು ತಮ್ಮ ಹೊಟ್ಟೆಯೊಡನೆ ಗುಟ್ಟು ಮಾತಾಡುವವರಂತೆ ಬಾಗಿಬಿಟ್ಟರು. ಗೋಡೆಯ ಮೇಲೆ ತಲೆ ಆನಿಸಿದಲ್ಲಿ ಎಣ್ಣೆಯ ಕಲೆ ಬಿದ್ದಿತ್ತು. ವರ್ಷ ಹೋದಂತೆ ಆ ಕಲೆಯೂ ಕೆಳಗಿಳಿಯುತ್ತ ಬಂತು.

ಒಂದು ಬೇಸಗೆಯ ಮಧ್ಯಾಹ್ನ ಅವರು ಹೋದರು. ಮೈ ಸೆಟೆಯುವುದರೊಳಗೆ ಕೂಡಿಸಬೇಕು. ಹೊಸ ಅಂಗಿ ತೊಡಿಸಲು ನನ್ನನ್ನು ಕರೆದರು. ತೋಳು ಆಗಲೇ ಬಿಗಿದು ಮಡಚಲು ಬರುತ್ತಿರಲಿಲ್ಲವಾದ್ದರಿಂದ ನಾನು ಅಂಗಿಯ ಬೆನ್ನನ್ನು ಕೊರಳಿನಿಂದ ಅಂಚಿನವರೆಗೆ ಕತ್ತರಿಸಿ ಮುಂದಿನಿಂದ ತೊಡಿಸಿದೆ. ಕತ್ತರಿ ಇನ್ನೂ ಕೈಯಲ್ಲೇ ಇತ್ತು. ನಾಲ್ಕು ಮಂದಿ ಮಾವನನ್ನು ಗೋಡೆಗೆ ಆನಿಸಿದರು. ಮಾವ ಮುಂದಕ್ಕೆ ಬಾಗಿದರು. ಮತ್ತೆ ಆನಿಸಿದರು. ಮತ್ತೆ ಬಾಗಿದರು, ಬಂದವರಿಗೆಲ್ಲ ತಾವೇ ನಮಸ್ಕಾರ ಮಾಡುತ್ತಿರುವ ಹಾಗೆ.

“ಹಿಂಗಾದ್ರ ವಿಮಾನದಾಗ ಹೆಂಗ ಕುಂದ್ರಸೂದು?” ಎಂದರು ಒಬ್ಬರು.

“ಮಂದಿಗೆ ಮುಖಾನ ಕಾಣವಲ್ದು.”

ಓಣಿಯ ಹಿರಿಯರೊಬ್ಬರು ತೀರ್ಪು ಕೊಟ್ಟರು: “ಒಬ್ಬಾವ ಹಿಂದ ಮೊಣಕಾಲು ಕೊಡ್ರಿ. ಇಬ್ಬರು ಭುಜಾ ಹಿಡದು ಜಗ್ರಿ. ಲಗೂ.”

ಒಬ್ಬನು ಮೊಣಕಾಲು ಕೊಟ್ಟ. ಇಬ್ಬರು ಭುಜ ಜಗ್ಗಿದರು. ‘ಟಕ್’ ಎಂದಿತು.

ಅದು ದೊಡ್ಡ ಸದ್ದಲ್ಲ. ಒಣಮೆಣಸಿನಕಾಯಿಯ ತೊಟ್ಟು ಮುರಿದಾಗ ಬರುವಷ್ಟೇ. ಬ್ಯಾಡಗಿಯಲ್ಲಿ ದಿನವಿಡೀ ಹೆಂಗಸರು ತೊಟ್ಟು ಮುರಿಯುತ್ತಾರೆ, ಯಾರೂ ತಿರುಗಿ ನೋಡುವುದಿಲ್ಲ. ಅಂದು ಮಾತ್ರ ಪಡಸಾಲೆಯಲ್ಲಿದ್ದವರೆಲ್ಲ ಬೇರೆ ಬೇರೆ ಕಡೆಗೆ ನೋಡಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಮಾವ ನೆಟ್ಟಗೆ, ಹರೆಯದಲ್ಲಿ ಕೂತಂತೆ ಕೂತರು.

ಆಮೇಲೆ ನಾನು ಬ್ಯಾಡಗಿಗೆ ಹೋದಾಗ ಅಕ್ಕ ಅಡುಗೆಗೆಂದು ಮೆಣಸಿನಕಾಯಿಯ ತೊಟ್ಟನ್ನು ಕತ್ತರಿಯಿಂದ ಕತ್ತರಿಸುತ್ತಿದ್ದಳು. ಅದು ನಾನು ಅಂದು ಅಲ್ಲೇ ಬಿಟ್ಟುಬಂದ ಕತ್ತರಿ.

“ಕೈಲೆ ಮುರಿಯಾಕ ಏನಾತು?” ಎಂದು ಕೇಳಿದೆ.

ಅವಳು ಇನ್ನೊಂದು ತೊಟ್ಟು ಕತ್ತರಿಸಿದಳು. ನಾನು ನೀರು ಕುಡಿಯಲು ಬಾಗಿದಾಗ ಹಿಂದಿನಿಂದ ಅಂದಳು: “ತಮ್ಮಾ, ನಿನ್ನ ಬೆನ್ನೂ ಹಂಗ ಬಾಗಾಕತ್ತೈತಿ.”

“ಮಶೀನಿನ ಮುಂದ ಕುಂತು ಕುಂತು ಸ್ವಲ್ಪ...”

“ಸ್ವಲ್ಪ ಅಲ್ಲ. ಆ ಸಪ್ಪಳಾ ನಾ ಇನ್ನೊಮ್ಮೆ ಕೇಳಂಗಿಲ್ಲ ನೋಡು. ನನ್ನ ಕಡಿಂದ ಆಗೂದಿಲ್ಲ.”

“ಅಕ್ಕಾ, ವಯಸ್ಸಿನ್ಯಾಗ ನೀ ದೊಡ್ಡಾಕಿ. ಪಾಳಿ ನಿಂದು ಮದ್ಲ.”

“ಪಾಳಿ ಹಚ್ಚಿ ಹೋಗಾಕ ಅದೇನು ರೇಷನ್ ಅಂಗಡೇನು?” ಎಂದಳು. “ನಾಳೆ ಹಾವೇರಿಗೆ ಹೋಗಿ ತೋರಿಸ್ಕೋ. ನಿನ್ನ ಬೆನ್ನಿಗೆ ಯಾರೂ ಮೊಣಕಾಲು ಕೊಡಬಾರದು. ಅಷ್ಟ ನಾ ಕೇಳೂದು.”

ಇಂಥ ಕೋರಿಕೆಗೆ ಇಲ್ಲವೆನ್ನುವುದು ಹೇಗೆ? ಹಾವೇರಿಯ ಎಲುಬಿನ ಡಾಕ್ಟರು ನನ್ನ ಬೆನ್ನಿನ ಫೋಟೋ ತೆಗೆಸಿ, ಅದನ್ನು ಬೆಳಕಿಗೆ ಹಿಡಿದು, ನನ್ನನ್ನು ಪಕ್ಕದ ಕೋಣೆಗೆ ಅಟ್ಟಿದರು. ಅಲ್ಲಿ ವ್ಯಾಯಾಮ ಹೇಳಿಕೊಡುವ ಬಿಳಿ ಕೋಟಿನ ಹುಡುಗಿ ಇದ್ದಳು. ಗೋಡೆಯ ಮೇಲೆ ಚರ್ಮವಿಲ್ಲದ ಮನುಷ್ಯನ ಪಟ. ನಮಗೆ ಬೆನ್ನು ತಿರುಗಿಸಿ ನಿಂತಿದ್ದ, ಅಸ್ತರು ಹೊರಗೆ ಮಾಡಿ ಹೊಲಿದ ಕೋಟಿನಂತೆ. ಕೆಂಪು ಪಟ್ಟಿಗಳು ಹೆಗಲಿನಿಂದ ಸೊಂಟಕ್ಕೆ ಇಳಿದಿದ್ದವು. ಹೊಲಿಗೆ ಅಚ್ಚುಕಟ್ಟಾಗಿತ್ತು, ಒಪ್ಪಿಕೊಳ್ಳಬೇಕು. ಅವನು ಯಾವ ಕ್ಷಣದಲ್ಲಾದರೂ ತಿರುಗಿ ನೋಡಬಹುದು ಎನಿಸಿ ನಾನು ಕುರ್ಚಿಯನ್ನು ಸ್ವಲ್ಪ ಹಿಂದೆ ಸರಿಸಿದೆ.

“ಅಂಕಲ್, ನಿಮ್ಮ ಎಲುಬು ಗಟ್ಟಿ ಅದಾವ. ಅವನ್ನ ಹಿಡದು ನಿಲ್ಲಸೋ ಸ್ನಾಯು ಕರಗ್ಯಾವ,” ಎಂದಳು ಹುಡುಗಿ.

“ಹೋದದ್ದು ಮತ್ತ ಬರ್ತೈತೇನವಾ?”

“ಕೆಲಸಾ ಕೊಟ್ರ ಬರ್ತೈತಿ. ಮನ್ಯಾಗ ತೂಕದ್ದು ಏನರ ಐತೇನು?”

ಅವಳು ತೋರಿಸಿದ್ದು ಇಷ್ಟು. ಒಂದು ಕೈಯನ್ನು ಮೇಜಿಗೆ ಊರಿ, ಸೊಂಟದಿಂದ ಬಾಗಿ, ಬೆನ್ನನ್ನು ನೆಟ್ಟಗಿಟ್ಟು, ಇನ್ನೊಂದು ಕೈಯಿಂದ ಭಾರವನ್ನು ಪಕ್ಕೆಲುಬಿನವರೆಗೆ ಎಳೆಯಬೇಕು. ಮೇಲಿನಿಂದ ಹಗ್ಗ ಇಳಿಬಿಟ್ಟು ಎದೆಯವರೆಗೆ ಜಗ್ಗಬೇಕು. ಬೋರಲು ಮಲಗಿ ಎದೆ ಎತ್ತಬೇಕು. ಮೊದಲು ಹಗುರದ್ದು, ಅದು ಸಲೀಸಾದ ಮೇಲೆ ಭಾರದ್ದು. ದಿನ ಬಿಟ್ಟು ದಿನ ಮಾಡಬೇಕು, ಹಟ ಹಿಡಿಯಬಾರದು. ಪ್ರತಿ ಸಲವೂ ಹೆಗಲಿನ ಎರಡೂ ಹಲಗೆಗಳನ್ನು ಹಿಂದಕ್ಕೆ ಒತ್ತಬೇಕು, ನಡುವೆ ನಿಂಬೆಹಣ್ಣು ಹಿಡಿದುಕೊಂಡಂತೆ.

ತೂಕದ್ದು ಏನಾದರೂ ಐತೇನು ಎಂದರೆ ಐತಿ ಎಂದೇ ಹೇಳಬೇಕು. ಹಾವೇರಿಯಿಂದ ಬ್ಯಾಡಗಿಗೆ ಮರಳಿದಾಗ ಅಕ್ಕ ಮಾವನ ಕಲ್ಲುಗಳನ್ನು ಗೋಣಿಚೀಲಕ್ಕೆ ತುಂಬಿ ಸಿದ್ಧವಾಗಿಟ್ಟಿದ್ದಳು.

“ಇವನ್ನ ಗುಜರಿಗೆ ಹಾಕಾಕ ನನಗ ಮನಸ್ಸಿಲ್ಲ. ಮನ್ಯಾಗ ಇಟಗೊಳ್ಳಾಕ ಧೈರ್ಯಿಲ್ಲ.”

“ಯಾಕ?”

“ಇಟ್ಟಂಗ ಇರಂಗಿಲ್ಲ ಅವು. ದೊಡ್ಡದರ ಮ್ಯಾಲೆ ಸಣ್ಣದು ಒಟ್ಟಿರ್ತೀನಿ. ಮುಂಜಾನೆ ನೋಡಿದ್ರ ಗ್ವಾಡಿಗುಂಟ ಸಾಲಾಗಿ ಕುಂತಿರ್ತಾವ.”

ರಾಣೆಬೆನ್ನೂರು ಬಸ್ಸಿನ ಕಂಡಕ್ಟರ್ ಚೀಲವನ್ನು ಕಾಲಿನಿಂದ ಸರಿಸಲು ನೋಡಿ, ಸರಿಯದೆ, “ಏನ್ರಿ ಯಜಮಾನ್ರ, ಹೆಣಾ ಗಿಣಾ ತಂದೀರೇನು?” ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ. ಚೀಲವನ್ನು ಮಾತ್ರ ಎರಡೂ ಪಾದಗಳ ನಡುವೆ ಗಟ್ಟಿಯಾಗಿ ಹಿಡಿದುಕೊಂಡೆ.

ನನ್ನ ಅಂಗಡಿ ಮನೆಯ ಮುಂದಿನ ಕೋಣೆ. ಹಿಂದಿನ ಕೋಣೆಯಲ್ಲಿ ಬಟ್ಟೆ ಕತ್ತರಿಸುವ ಮೇಜು. ಮಧ್ಯಾಹ್ನ ಊರು ಊಟ ಮಾಡಿ ಅಡ್ಡಾಗುವ ಹೊತ್ತಿನಲ್ಲಿ ಬಾಗಿಲು ಹಾಕಿ ನನ್ನ ಅಂಗಸಾಧನೆಯನ್ನು ಆರಂಭಿಸಿದೆ. ಹಿತ್ತಲಿನ ಬಾವಿಯನ್ನು ನಲ್ಲಿ ಬಂದ ಮೇಲೆ ಮುಚ್ಚಿಸಿದ್ದೆವು. ಅದರ ರಾಟೆ ಅಟ್ಟದ ಮೇಲೆ ಬಿದ್ದಿತ್ತು. ತಂದು ತೊಲೆಗೆ ಕಟ್ಟಿ, ಹಗ್ಗದ ಒಂದು ತುದಿಗೆ ಕಲ್ಲು ಬಿಗಿದು, ಇನ್ನೊಂದು ತುದಿಯನ್ನು ಎದೆಯವರೆಗೆ ಜಗ್ಗಿದೆ. ಕಲ್ಲು ಮೇಲೇರಿತು, ಇಳಿಯಿತು. ರಾಟೆ ಕಿರ್‍ರೆಂದಿತು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಭಯಂಕರ ಸದ್ದನ್ನು ಬೇರೆ ಯಾವ ಸಾಧನದಿಂದಲೂ ಹೊರಡಿಸಲಾಗದು.

ಎರಡೇ ವಾರದಲ್ಲಿ ಹೆಂಡತಿ ಬಾಗಿಲಲ್ಲಿ ನಿಂತು ಹೇಳಿದಳು: “ಏನ್ರಿ, ಮುಚ್ಚಿದ ಬಾವ್ಯಾಗ ಯಾರು ನೀರು ಸೇದಾಕತ್ತಾರ ಅಂತ ಬಾಜೂಕಿನವರು ಕೇಳಾಕತ್ತಾರ.”

“ನಾ ಅಂತ ಹೇಳು.”

“ಹೇಳೇನಿ. ನಿಮ್ಮ ಯಜಮಾನ್ರು ಮೊನ್ನೆ ಮತ್ತ ಹಾವೇರಿಗೆ ಹೋದ ದಿನಾನೂ ಯಾರೋ ಸೇದ್ತಿದ್ರವಾ ಅಂದ್ರು.”

ಗಾಳಿಗೆ ತಿರುಗಿರಬಹುದು ಎಂದೆ. ಆ ಕೋಣೆಗೆ ಕಿಟಕಿಯಿಲ್ಲ ಎಂಬುದನ್ನು ಹೆಂಡತಿ ನೆನಪಿಸಲಿಲ್ಲ, ಅದು ಅವಳ ದೊಡ್ಡತನ.

ಕಲ್ಲುಗಳಿಗೆ ಮೆಣಸಿನಕಾಯಿಯ ಘಾಟು ಹತ್ತಿತ್ತು. ತೊಳೆದೆ, ಸೀಗೆಪುಡಿ ಹಾಕಿ ತಿಕ್ಕಿದೆ, ಬಿಸಿಲಿಗಿಟ್ಟೆ. ಆದರೂ ಬಾಗಿ ಎತ್ತಿದರೆ ಸೀನು. ಸೀನಿದರೆ ಬೆನ್ನು ಹಿಡಿದುಕೊಳ್ಳುತ್ತಿತ್ತು. ಬೆನ್ನಿಗಾಗಿ ಬಾಗುವುದು, ಬಾಗಿ ಸೀನುವುದು, ಸೀನಿ ಬೆನ್ನು ಹಿಡಿಸಿಕೊಳ್ಳುವುದು, ಹೀಗೆ ಕೆಲಕಾಲ ನನ್ನ ಪ್ರಗತಿ ಚಕ್ರಾಕಾರವಾಗಿತ್ತು. ನಾನು ಎಂಥ ಮನುಷ್ಯನೆಂದರೆ, ಹುಡುಗಿ ಹೇಳಿದಳೆಂದು ಖರೇನೇ ಒಂದು ನಿಂಬೆಹಣ್ಣು ತಂದು ಬನಿಯನ್ನಿನೊಳಗೆ ಹೆಗಲ ಹಲಗೆಗಳ ನಡುವೆ ಇಟ್ಟುಕೊಂಡು ಒತ್ತಿದೆ. ಅದು ಜಾರಿ ಉರುಳಿ ಮೂಲೆ ಸೇರಿತು. ಕಸ ಗುಡಿಸುವಾಗ ಹೆಂಡತಿ ಅದನ್ನು ಕಂಡು, ಪೊರಕೆಯನ್ನು ಅಲ್ಲೇ ಬಿಟ್ಟು ಓಡಿಬಂದಳು. ಅದಕ್ಕೆ ಕೆಂಪು ಪುಡಿ ಮೆತ್ತಿತ್ತು. ನಿಂಬೆಹಣ್ಣು, ಕೆಂಪು ಪುಡಿ, ಕತ್ತಲ ಕೋಣೆ. ಮಾಟ ಮಾಡುವವನಿಗೆ ಇನ್ನೇನು ಬೇಕು?

“ಬೆನ್ನು ಗಟ್ಟಿ ಮಾಡಾಕ ಡಾಕ್ಟರು ಹೇಳ್ಯಾರ,” ಎಂದೆ.

“ಯಾವ ಡಾಕ್ಟರು? ಹಾವೇರ್‍ಯಾವನೋ, ಸ್ಮಶಾನದಾಗಿನಾವನೋ?”

ಹೀಗೆಲ್ಲ ಆದರೂ ಸಾಧನೆ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಸಣ್ಣ ಕಲ್ಲು ಬೊಂಬೆಯಂತಾಯಿತು, ನಡುವಿನದಕ್ಕೆ ಕೈ ಹಾಕಿದೆ. ಕಲ್ಲುಗಳನ್ನು ಒಂದರ ಮೇಲೊಂದು ಒಟ್ಟಿ ಬರುತ್ತಿದ್ದೆ. ಮುಂದಿನ ಸಲ ಬಾಗಿಲು ತೆಗೆದರೆ ಅವು ಗೋಡೆಗುಂಟ ಸಾಲಾಗಿ ಕೂತಿರುತ್ತಿದ್ದವು, ದೊಡ್ಡದು, ನಡುವಿನದು, ಸಣ್ಣದು, ಊಟದ ಪಂಕ್ತಿಯಲ್ಲಿ ಕೂತ ಮನೆಯವರಂತೆ. ಹೆಂಡತಿಯನ್ನು ಕೇಳಿದೆ. ಆ ನಿಂಬೆಹಣ್ಣಿನ ದಿನದಿಂದ ಕೋಣೆಗೆ ಕಾಲಿಟ್ಟಿಲ್ಲ ಎಂದಳು. ನಾನು ಮುಂದೆ ಕೇಳಲಿಲ್ಲ. ಕಲ್ಲುಗಳಿಗೂ ಅವುಗಳ ಅಭ್ಯಾಸ ಇರುತ್ತದೆ. ಪೇಟೆಯಲ್ಲಿ ಅವನ್ನು ಮಾವ ಸಾಲಾಗಿಯೇ ಇಡುತ್ತಿದ್ದರು.

ನಾನು ಮನಸ್ಸಿನಲ್ಲೇ ಎಣಿಸಿಕೊಂಡು ಎತ್ತುತ್ತಿದ್ದೆ. ಬಾಯಿ ತೆರೆದರೆ ಘಾಟು ಗಂಟಲಿಗೆ ಇಳಿಯುತ್ತದೆ, ಅದಕ್ಕೆ. ಒಂದು ದಿನ ಮುಖ ಒರೆಸುತ್ತ ಹೊರಗೆ ಬಂದಾಗ ಹೆಂಡತಿ ಅಕ್ಕಿ ಆರಿಸುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ಒಂದು ಅನ್ನಾಕ ಏನ್ ಧಾಡಿ ನಿಮಗ?”

“ಏನು?”

“ಎಣಸಾಕತ್ತಿದ್ರೆಲ್ಲ. ಲಾಭ, ಎರಡು, ಮೂರು ಅಂತ. ಅದೂ ಆ ದನಿ ತಗದು.”

“ಯಾವ ದನಿ?”

ಅವಳು ಮೊರವನ್ನು ಕೆಳಗಿಟ್ಟಳು. “ನಾ ಹೇಳಂಗಿಲ್ಲ,” ಎಂದಳು.

ನಾನು ಬಾಯಿ ತೆರೆದಿರಲಿಲ್ಲ. ಹಾಗೆಂದು ಅವಳಿಗೆ ಹೇಳಲೂ ಇಲ್ಲ. ಅಂದಿನಿಂದ ನಾನೇ ಗಟ್ಟಿಯಾಗಿ ‘ಲಾಭ’ ಎಂದು ಎಣಿಸತೊಡಗಿದೆ, ಎಲ್ಲರಿಗೂ ಅನುಕೂಲವಾಗಲಿ ಎಂದು. ಒಮ್ಮೊಮ್ಮೆ ನನ್ನ ಲಾಭದ ಬೆನ್ನಿಗೇ ಇನ್ನೊಂದು ಬಂದಂತಾಗುತ್ತಿತ್ತು. ಕೋಣೆ ಸಣ್ಣದು, ಮಾತು ಮರುಧ್ವನಿಸುತ್ತದೆ. ಗೋಡೆಗುಂಟ ಬಟ್ಟೆಯ ಥಾನುಗಳನ್ನು ಒಟ್ಟಿದ ಕೋಣೆಯಲ್ಲಿ ಮರುಧ್ವನಿ ಏಳುವುದಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಹೇಳಿಕೊಳ್ಳಲಿ.

ಚಳಿಗಾಲಕ್ಕೆ ನಿಂಬೆಹಣ್ಣು ಬೀಳದೆ ನಿಂತಿತು. ಅಂಗಿಗಳು ಹೆಗಲಲ್ಲಿ ಬಿಗಿಯತೊಡಗಿದವು. ಟೇಲರನಾಗಿ ನನ್ನ ಬೆನ್ನನ್ನು ನಾನೇ ಅಳೆದುಕೊಳ್ಳುವುದು ಸಾಧ್ಯವಿಲ್ಲ. ಹೆಂಡತಿಯ ಕೈಗೆ ಟೇಪು ಕೊಟ್ಟು ಗೋಡೆಯ ಕಡೆಗೆ ಮುಖ ಮಾಡಿ ನಿಂತೆ. ಅವಳು ಒಂದು ತೋಳಿನ ಹೊಲಿಗೆಯಿಂದ ಇನ್ನೊಂದರವರೆಗೆ ಟೇಪು ಹಿಡಿದು ಅಂಕೆ ಓದಿದಳು.

“ಇನ್ನೊಮ್ಮೆ ಹಿಡಿ.”

ಮತ್ತೆ ಹಿಡಿದಳು. ಅದೇ ಅಂಕೆ.

ಆ ಅಳತೆ ನನಗೆ ಗೊತ್ತಿತ್ತು. ಇದುವರೆಗೆ ಅಷ್ಟು ಅಗಲ ಬೆನ್ನಿಗೆ ನಾನು ಬಟ್ಟೆ ಕತ್ತರಿಸಿದ್ದು ಒಬ್ಬರಿಗೇ, ಅಕ್ಕನ ಮದುವೆಯಲ್ಲಿ.

“ಯಾಕ್ರೀ, ಗ್ವಾಡಿ ನೋಡ್ಕೋತ ನಿಂತ್ರೆಲ್ಲ?”

“ಏನಿಲ್ಲ,” ಎಂದೆ. “ನಾಳೆ ಬ್ಯಾಡಗಿಗೆ ಹೋಗಿ ಬರೂಣು.”

ಬ್ಯಾಡಗಿಯ ಮನೆಯ ಕಟ್ಟೆಯ ಮೇಲೆ ನಾನು ಬಾಗಿಲಿಗೆ ಬೆನ್ನು ಮಾಡಿ ಚಪ್ಪಲಿ ಬಿಡುತ್ತಿದ್ದೆ. ಬಾಗಿಲು ತೆರೆದ ಸದ್ದಾಯಿತು. ತಿರುಗಿ ನೋಡಿದರೆ ಅಕ್ಕ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ನೆಲ ನೋಡುತ್ತ ಬಾಗಿಲ ಪಕ್ಕಕ್ಕೆ ಸರಿದು ನಿಂತಿದ್ದಳು. ತಮ್ಮ ಬಂದನೆಂದು ಯಾವ ಅಕ್ಕನೂ ಹಾಗೆ ನಿಲ್ಲುವುದಿಲ್ಲ. ಪೇಟೆಯಿಂದ ಮಾವ ಬಂದಾಗ ಮಾತ್ರ ಅವಳು ಹಾಗೆ ನಿಲ್ಲುತ್ತಿದ್ದಳು.

“ಅಕ್ಕಾ, ನಾನು.”

ಅವಳು ಮುಖ ಎತ್ತಿದಳು. ಸೆರಗನ್ನು ಹಿಂದಕ್ಕೆ ಸರಿಸಿ, ಸ್ವಲ್ಪ ಸಿಟ್ಟಿನಿಂದಲೇ ಎಂಬಂತೆ, “ಬಾ ಒಳಗ,” ಎಂದಳು.

ಪಡಸಾಲೆಯ ಗೋಡೆಗೆ ಹೊಸದಾಗಿ ಸುಣ್ಣ ಹೊಡೆಸಿದ್ದಳು. ಎಣ್ಣೆಯ ಕಲೆ ಸುಣ್ಣಕ್ಕೆ ಮಣಿಯುವುದಿಲ್ಲ. ಕೆಳಗೆ, ಮಾವ ಬಾಗಿ ಕೂತ ವರ್ಷಗಳ ದೊಡ್ಡ ಕಲೆ. ಅದಕ್ಕಿಂತ ಒಂದು ಗೇಣು ಮೇಲೆ ಇನ್ನೊಂದು ಸಣ್ಣ ಕಲೆ, ಪ್ರಾಣ ಹೋದ ಮೇಲೆ ಒಂದೇ ರಾತ್ರಿ ನೆಟ್ಟಗೆ ಕೂತದ್ದರ ಗುರುತು.

“ಅಲ್ಲೆ ಕುಂದ್ರು,” ಎಂದಳು ಅಕ್ಕ.

“ಎಲ್ಲೆ?”

“ಅವರನ್ನ ಕುಂದ್ರಿಸಿದ್ವೆಲ್ಲ, ಅಲ್ಲೆ.”

ನನ್ನ ಹೆಂಡತಿ ಎದ್ದು ನಿಂತಳು. “ಅಕ್ಕಾರ, ಏನ್ ಮಾತಾಡ್ತೀರಿ? ಜೀವಂತ ಇದ್ದಾವರನ್ನ ಅಲ್ಲೆ ಕುಂದ್ರಸ್ತಾರೇನು?”

“ಜೀವಂತ ಇದ್ದಾಗ ನೋಡಬೇಕವಾ. ಆಮ್ಯಾಲೆ ನೋಡಿ ಏನ್ ಮಾಡೂದೈತಿ?”

ನಾನು ಕೂತೆ. ಚಕ್ಕಳಮಕ್ಕಳ ಹಾಕಿ, ಕೈಗಳನ್ನು ತೊಡೆಯ ಮೇಲಿಟ್ಟೆ. ಇಷ್ಟು ತಿಂಗಳ ಸಾಧನೆಯ ಪರೀಕ್ಷೆ ಇದು ಎಂದು ನನಗೆ ತಿಳಿದಿತ್ತು. ಪರೀಕ್ಷಕಿ ಎದುರಿಗೆ ಕೂತು ನನ್ನನ್ನು ಕೊರಳಿನಿಂದ ಸೊಂಟದವರೆಗೆ ನೋಡಿದಳು.

“ಕಣ್ಣು ಮುಚ್ಚು.”

ಮುಚ್ಚಿದೆ.

“ಉಸರು ಬಿಗಿ ಹಿಡಿ.”

“ಅಕ್ಕಾರ!” ಎಂದಳು ನನ್ನ ಹೆಂಡತಿ.

ಹಿಡಿದೆ. ತಲೆ ತಾನಾಗಿ ಹಿಂದಕ್ಕೆ ಹೋಗಿ ಗೋಡೆಗೆ ತಾಗಿತು. ತಾಗಿದ್ದು ಎಲ್ಲಿಗೆಂದು ನನಗೆ ಕಾಣುತ್ತಿರಲಿಲ್ಲ. ಹೆಂಡತಿ ‘ಶಿವಾ’ ಎಂದದ್ದು ಕೇಳಿಸಿತು. ಮೇಲಿನ ಕಲೆಗೇ ತಾಗಿತ್ತಂತೆ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ. ಬೆನ್ನಿಗೂ ಗೋಡೆಗೂ ನಡುವೆ ಒಂದು ಅಂಗೈ ಹಿಡಿಯುವಷ್ಟು ಸಂದು ಇತ್ತು. ಆ ಸಂದಿನಲ್ಲಿ, ನಿಂಬೆಹಣ್ಣು ನಿಲ್ಲುವ ಜಾಗದಲ್ಲಿ, ಒಂದು ಅಂಗೈ ಬಂದು ಕೂತಂತಾಯಿತು. ಅದು ತಣ್ಣಗಿತ್ತು. ಮೊಣಕಾಲಲ್ಲ, ಅದರಲ್ಲಿ ನನಗೆ ಸಂಶಯವಿಲ್ಲ. ನೂಕುತ್ತಿರಲಿಲ್ಲ, ಎತ್ತುತ್ತಲೂ ಇರಲಿಲ್ಲ. ಹೊಲಿಗೆ ಸರಿಯಾಗಿದೆಯೇ ಎಂದು ನೋಡುವವರು ಸವರುತ್ತಾರಲ್ಲ, ಹಾಗೆ ಇತ್ತು. ಮೂಗಿಗೆ ಘಾಟು ಬಂತು. ಸೀನಲಿಲ್ಲ. ಸತ್ತವರು ಸೀನುವ ಪದ್ಧತಿಯಿಲ್ಲ.

“ಯಾರೂ ಹಿಡದಿಲ್ಲಲಾ?” ಎಂದು ಕೇಳಿದಳು ಅಕ್ಕ. ಅವಳ ಧ್ವನಿ ಬಹಳ ಸಣ್ಣದಾಗಿತ್ತು.

ಉಸಿರು ಬಿಡದೆ ಉತ್ತರ ಹೇಳುವಂತಿರಲಿಲ್ಲ. ಬಿಟ್ಟೆ. ಅಂಗೈ ಹೋಯಿತು. ಬೆನ್ನು ಇದ್ದಂತೆಯೇ ನೆಟ್ಟಗಿತ್ತು.

“ಯಾರೂ ಹಿಡದಿಲ್ಲಕ್ಕಾ.”

ಕಣ್ಣು ತೆರೆದಾಗ ಅವಳು ಎದುರಿಗೆ ಇರಲಿಲ್ಲ. ಅಡುಗೆಮನೆಯಲ್ಲಿ ಮೆಣಸಿನಕಾಯಿ ಡಬ್ಬಿಯ ಮುಚ್ಚಳ ತೆಗೆದ ಸದ್ದಾಯಿತು. ಕತ್ತರಿ ಪಡಸಾಲೆಯ ಗೋಡೆಯ ಮಾಡದಲ್ಲೇ ಇತ್ತು, ನನ್ನ ಕಣ್ಣೆದುರಿಗೇ. ನನ್ನ ಹೆಂಡತಿ ಅದನ್ನು ತೆಗೆದುಕೊಡಲು ಹೊರಟವಳು ನಡುವೆ ನಿಂತಳು.

ಆಮೇಲೆ ‘ಟಕ್’ ಎಂದಿತು.

ಇನ್ನೊಂದು ತೊಟ್ಟು ಮುರಿಯಲು ಅವಳು ತಡಮಾಡಿದಳು. ನಾವಿಬ್ಬರೂ ಅಲುಗಾಡದೆ ಕಾದೆವು. ಮತ್ತೆ ‘ಟಕ್’. ಆಮೇಲೆ ಬೇಗ ಬೇಗ, ಬ್ಯಾಡಗಿಯ ಹೆಂಗಸರು ಮುರಿಯುವ ಹಾಗೆ.

ಮೊದಲ ಸದ್ದಿಗೇ ಪಡಸಾಲೆಯಲ್ಲಿ ಯಾರೋ “ಲಾಭ” ಎಂದಿದ್ದರು. ನಾನೇ ಅಂದದ್ದು ಎಂದು ಹೆಂಡತಿಗೆ ಹೇಳಿದ್ದೇನೆ. ನಾನೂ ಹಾಗೇ ನಂಬಿಕೊಂಡಿದ್ದೇನೆ.